ಕತ್ತಿಗೆ ಹಚ್ಚಿದ ಜೆಲ್

ಹೆಣ್ಣು ನೋಡಲು ಹೋಗಬೇಕಾದ ದಿನವೇ ಮಹದೇವನ ಕತ್ತು ಹಿಡಿದುಕೊಂಡಿತು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದವನು, ಆಳು ಬರಲಿಲ್ಲವೆಂದು ತಾನೇ ಮೂಟೆ ಎತ್ತಲು ಹೋಗಿದ್ದೇ ತಪ್ಪಾಯಿತು. ಮುಖ ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ವಯಸ್ಸು ಮೂವತ್ತೈದು ದಾಟಿದ ಮೇಲೆ ಕೂಡಿಬಂದ ಸಂಬಂಧ; ಇದೂ ತಪ್ಪಿದರೆ ಇನ್ಯಾರು ಹೆಣ್ಣು ಕೊಟ್ಟಾರು ಎಂಬ ಭಯ ಅವನಿಗೆ.

ಮೆಡಿಕಲ್ ಸ್ಟೋರಿನ ಗಣೇಶ ಒಂದು ಜೆಲ್ ಕೊಟ್ಟ. "ತೆಳ್ಳಗೆ ಸವರಿ ಸುಮ್ನೆ ಬುಟ್ಬುಡಿ ಅಣ್ಣ. ಚರ್ಮದೊಳಿಕೆ ಅದೇ ಇಳ್ಕಂಡು ಓಯ್ತದೆ, ಒಸಿ ಟೈಮ್ ಬೇಕು. ತಿಕ್ಬ್ಯಾಡಿ, ಶಾಖ ಕೊಡ್ಬ್ಯಾಡಿ."

ಸುಮ್ಮನೆ ಬಿಡುವುದು ನಮ್ಮ ಜನಕ್ಕೆ ಗೊತ್ತಿದ್ದರೆ ತಾನೆ?

ಪಕ್ಕದ ಮನೆಯ ಚಿಕ್ಕಬಸವಯ್ಯ ಟ್ಯೂಬು ಕಿತ್ತುಕೊಂಡರು. "ತಿಕ್ದೆ ಇದ್ರೆ ಔಸ್ದಿ ಎಂಗ್ಲಾ ಒಳಿಕೋದದು? ಕುಂತ್ಕ." ಅರ್ಧ ಟ್ಯೂಬು ಸುರಿದು, ಎತ್ತಿನ ಮೈ ಉಜ್ಜಿದಂತೆ ಉಜ್ಜಿದರು. ಅದು ಸಾಲದೆಂದು ತಾಯಿ ದೊಡ್ಡಮಲ್ಲಮ್ಮ ಉಪ್ಪಿನ ಗಂಟು ಕಾಯಿಸಿ ತಂದು ಒತ್ತಿದಳು. ಕತ್ತಿಗೆ ಹಸಿಮೆಣಸಿನಕಾಯಿ ಅರೆದು ಮೆತ್ತಿದಂತಾಯಿತು.

"ಉರೀತದೆ ಕಣವ್ವ."

"ಉರುದ್ರೇನೆ ಕಣಪ್ಪ ವಾಸಿಯಾಗದು. ಅಲ್ಲಿ ಮಾತ್ರ ಬಾಯ್ಬುಟ್ಟೀಯ, ರೋಗದ ಗಂಡು ಅಂದ್ಬುಟ್ಟಾರು."

ಚಂದಕವಾಡಿಯಲ್ಲಿ ಹುಡುಗಿಯ ತಂದೆ ಪುಟ್ಟಮಲ್ಲಪ್ಪ ಎದುರಿಗೆ ಕೂತು ಪ್ರಶ್ನೆ ಕೇಳಿದರೆ, ಮಹದೇವ ಎಡಗಡೆಯ ಫ್ರಿಜ್ಜಿಗೆ ಉತ್ತರ ಕೊಟ್ಟ.

"ಯಾಕಪ್ಪ, ತಣ್ಣೀರ್ ಬೇಕಿತ್ತಾ?" ಎಂದು ಅವರು ನೀರು ತರಿಸಿದರು. ಅದನ್ನೂ ಕುಡಿದ.

ಆಮೇಲೆ ಹುಡುಗಿ ಮಧುಶ್ರೀ ಕಾಫಿ ತಂದಳು. ಅವಳನ್ನು ನೋಡಬೇಕಾದರೆ ಅವನು ಕುರ್ಚಿಸಮೇತ ತಿರುಗಬೇಕಾಯಿತು. ಆ ಸರ್ಕಸ್ಸಿಗೆ ಅವಳು ನಕ್ಕುಬಿಟ್ಟಳು. ಆ ನಗು ಕಂಡದ್ದೇ, ಕಟ್ಟಿಕೊಂಡರೆ ಇವಳನ್ನೇ ಎಂದು ಮಹದೇವ ತೀರ್ಮಾನಿಸಿದ.

"ಏನಪ್ಪ, ನಮ್ಮುಡ್ಗಿ ಒಪ್ಗೆನಾ?" ಎಂದರು ಪುಟ್ಟಮಲ್ಲಪ್ಪ.

ಆ ಹಾಳು ಜೆಲ್ಲು ಆಗಲೇ ಕೆಲಸ ಮಾಡಬೇಕೆ? ಕತ್ತು ಲಟಕ್ಕನೆ ಸಡಿಲಾಯಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಇಳಿದ ಸುಖಕ್ಕೆ ಅವನು ಕಣ್ಣು ಮುಚ್ಚಿ ತಲೆಯನ್ನು ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ, ನಂಬಿಕೆ ಬಾರದೆ ಮತ್ತೆ ಬಲಕ್ಕೆ ತಿರುಗಿಸಿದ.

ಕಣ್ಣು ಬಿಟ್ಟಾಗ ಮಧುಶ್ರೀ ಒಳಗೆ ಹೋಗಿಯಾಗಿತ್ತು.

"ಬ್ಯಾಡ ಅನ್ನದ್ನ ಬಾಯ್ಬುಟ್ಟು ಏಳ್ಬೋದಿತ್ತು," ಎಂದು ಪುಟ್ಟಮಲ್ಲಪ್ಪ ಎದ್ದು ನಿಂತರು.

"ಅಯ್ಯೋ ಒಪ್ಗೆನೇ ಮಾವ. ಕತ್ತು ಇಡ್ಕಂಡಿತ್ತು, ಈಗ ಬುಟ್ಕತು."

"ಈ ವಯಸ್ಗೇ ಕತ್ತು ಇಡ್ಕತದಾ?" ಎಂದು ಅವರು ದೊಡ್ಡಮಲ್ಲಮ್ಮನ ಮುಖ ನೋಡಿದರು. "ಮೊದ್ಲೇ ಯಾಕ್ ಏಳ್ನಿಲ್ಲ ತಾಯಿ?"

ಇದೂ ತಪ್ಪಿತೆಂದುಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಮಹದೇವ ಆ ಮನೆಯ ಕಡೆ ತಿರುತಿರುಗಿ ನೋಡಿದ. ಕತ್ತು ಎಷ್ಟು ಬೇಕಾದರೂ ತಿರುಗುತ್ತಿತ್ತು.