ನಲವತ್ತೆರಡು ನೇರಳೆ ಸೀರೆಗಳು

ಹೊರಮಾವು ಸಖಿ ಬಳಗದ ನಲವತ್ತೆರಡು ಮಂದಿ ಸದಸ್ಯೆಯರು ಯಾವುದೇ ಶುಭಕಾರ್ಯಕ್ಕೆ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ ಉಡತಕ್ಕದ್ದು ಎಂಬುದು ಬಳಗದ ನಿಯಮಾವಳಿಯ ಮೊದಲನೆಯ ಕಲಮು. ಮೊದಲನೆಯದನ್ನು ಪ್ರಶ್ನಿಸತಕ್ಕದ್ದಲ್ಲ ಎಂಬುದು ಎರಡನೆಯದು. ಮೂರನೆಯದು ರವಿಕೆಯ ಕುತ್ತಿಗೆ ಎಷ್ಟು ಆಳವಿರಬೇಕೆಂಬುದು, ಅದಿನ್ನೂ ಚರ್ಚೆಯಲ್ಲಿದೆ.

ಇದರಿಂದ ಆಗಿರುವ ಅನುಕೂಲಗಳು ಅನೇಕ. ಫೋಟೋದಲ್ಲಿ ಯಾರೂ ಎದ್ದು ಕಾಣುವುದಿಲ್ಲ. ಯಾರು ಬಂದಿಲ್ಲವೆಂದು ಯಾರಿಗೂ ಗೊತ್ತಾಗುವುದಿಲ್ಲ. ಕಳೆದ ವರ್ಷ ಒಂದು ಗೃಹಪ್ರವೇಶ ಮುಗಿದ ಮೇಲೆ ಮುನಿರಾಜಪ್ಪನವರು ಬೇರೆಯವರ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ರಾಮಮೂರ್ತಿನಗರದವರೆಗೆ ಹೋಗಿಬಿಟ್ಟಿದ್ದರು. ದಾರಿಯುದ್ದಕ್ಕೂ ಜಗಳವೇ ಆಗದ್ದರಿಂದ ಅನುಮಾನ ಬಂದು ತಿರುಗಿ ನೋಡಿದರಂತೆ. ಅಂದಿನಿಂದ ಶಿವಾಜಿನಗರದ ಟೈಲರ್ ನಜೀರ್ ಸಾಹೇಬರು ಪ್ರತಿ ರವಿಕೆಯ ಒಳಗಡೆ ಬೆನ್ನಿನ ಭಾಗದಲ್ಲಿ ಸದಸ್ಯೆಯ ನಂಬರ್ ಹೊಲಿಯುತ್ತಾರೆ. ಒಳಗಡೆ ಇರುವುದರಿಂದ ಅದು ಯಾರಿಗೂ ಕಾಣುವುದಿಲ್ಲ.

ಹೀಗಿರಲಾಗಿ, ಮುನಿರಾಜಪ್ಪನವರ ಸ್ವಂತ ಹೆಂಡತಿ ಭಾಗ್ಯಲಕ್ಷ್ಮಿ (ನಂಬರ್ ಇಪ್ಪತ್ತೇಳು) ವಿನಾಯಿತಿ ಕೋರಿ ಅರ್ಜಿ ಸಲ್ಲಿಸಿದರು. ಮಗಳು ರಮ್ಯಳ ನಿಶ್ಚಿತಾರ್ಥದ ದಿನ ಹುಡುಗಿಯ ತಾಯಿ ಯಾರೆಂದು ಗಂಡಿನ ಕಡೆಯವರಿಗೆ ತಿಳಿಯಬೇಕಾಗಿರುವುದರಿಂದ, ತೀರಿಕೊಂಡ ತಮ್ಮ ತಾಯಿಯ ನೇರಳೆ ಮೊಳಕಾಲ್ಮೂರು ಸೀರೆ ಉಡಲು ಅಪ್ಪಣೆಯಾಗಬೇಕು ಎಂಬುದು ಅರ್ಜಿಯ ಸಾರಾಂಶ. ವಿಮಾನಪುರದಲ್ಲಿರುವ ಹುಡುಗನ ತಾಯಿ ವೆಂಕಟಮ್ಮನವರಿಗೆ ಆಕೆ ಮೊದಲೇ ಫೋನ್ ಮಾಡಿಯೂ ಬಿಟ್ಟಿದ್ದರು. “ಗುರುತಿಗೆ ನೇರಳೆ ಸೀರೆ ಇರುತ್ತೆ ನೋಡಿ. ಸೆರಗಲ್ಲಿ ಅರಿಸಿನದ ಕೈಗುರುತು. ನನ್ನ ನಿಶ್ಚಿತಾರ್ಥದಲ್ಲಿ ನಮ್ಮಮ್ಮ ಕೈ ಒರೆಸ್ಕೊಂಡಿದ್ದು.”

ಸಭೆ ಸೇರಿತು. ಕಾರ್ಯದರ್ಶಿ ಸುಕನ್ಯ ಅರ್ಜಿಯನ್ನು ಎರಡು ಸಲ ಓದಿದರು.

“ಭಾಗ್ಯ, ನೀನೊಬ್ಬಳೇ ಬೇರೆ ಉಟ್ರೆ ಮಿಕ್ಕ ನಲವತ್ತೊಂದು ಜನ ಏನ್ ತಪ್ಪು ಮಾಡಿದ್ವಿ?”

“ನಾನು ತಾಯಿ ಕಣಕ್ಕಾ.”

“ನಾವ್ಯಾರೂ ಹೆತ್ತಿಲ್ವಾ?”

ಬಳಗಕ್ಕೆ ಹೃದಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ಅರ್ಜಿ ಮಂಜೂರಾಯಿತು. ಅರ್ಜಿದಾರರು ತಮ್ಮ ತಾಯಿಯ ಸೀರೆ ಉಡಬಹುದು. ಸಮಾನತೆಗೆ ಭಂಗ ಬಾರದಂತೆ ಉಳಿದವರೂ ಅರ್ಜಿದಾರರ ತಾಯಿಯ ಸೀರೆಯನ್ನೇ ಉಡತಕ್ಕದ್ದು.

ನಲವತ್ತೊಂದು ಸೀರೆ ಮಗ್ಗದಿಂದ ಇಳಿದವು. ಕೈಗುರುತು ಮಾತ್ರ ನೇಯುವುದಕ್ಕೆ ಬರಲಿಲ್ಲ. ಆ ಜವಾಬ್ದಾರಿ ನಜೀರ್ ಸಾಹೇಬರಿಗೆ ಬಿತ್ತು.

“ಮೂವತ್ತು ವರ್ಷದಿಂದ ಕಲೆ ಆಗ್ಬಾರ್ದು ಅಂತ ಕೈ ತೊಳ್ಕೊಂಡು ಬಟ್ಟೆ ಮುಟ್ಟಿದೋನು ನಾನು,” ಎನ್ನುತ್ತಾ ಅವರು ಬಟ್ಟಲಲ್ಲಿ ಅರಿಸಿನ ಕಲಸಿದರು. “ಬಲಗೈಯಾ, ಎಡಗೈಯಾ ಅಮ್ಮಾ?”

“ಬಲಗೈ. ಹೆಬ್ಬೆರಳು ಸ್ವಲ್ಪ ಡೊಂಕು,” ಎಂದರು ಸುಕನ್ಯ. ಅವರು ಯಾವುದನ್ನೂ ಅರೆಬರೆ ಮಾಡಿದವರಲ್ಲ.

ನಿಶ್ಚಿತಾರ್ಥ ಕೆ.ಆರ್. ಪುರದ ಛತ್ರದಲ್ಲಿ ನಡೆಯಿತು. ತಾಂಬೂಲದ ತಟ್ಟೆ ಹಿಡಿದು ಬಂದ ವೆಂಕಟಮ್ಮನವರು ಮೊದಲ ಸಾಲಿನಲ್ಲಿ ನಿಂತಿದ್ದ ಸುಕನ್ಯರ ಸೀರೆ ನೋಡಿದರು, ಸೆರಗು ಬಿಡಿಸಿ ಕೈಗುರುತು ನೋಡಿದರು. ಹೇಳಿದ್ದ ಗುರುತುಗಳೆಲ್ಲ ಸರಿಯಾಗಿದ್ದವು.

“ನೀವೇ ಅಲ್ವೇನ್ರೀ?”

“ನಾವೇ,” ಎಂದರು ಸುಕನ್ಯ, ಬಳಗದ ಪರವಾಗಿ. ವೆಂಕಟಮ್ಮನವರು ಅವರನ್ನು ಕೈಹಿಡಿದು ವೇದಿಕೆಗೆ ಹತ್ತಿಸಿದರು.

ಮೂರನೆಯ ಸಾಲಿನಿಂದ ಭಾಗ್ಯಲಕ್ಷ್ಮಿ, “ರೀ, ನಾನಿಲ್ಲಿದೀನಿ,” ಎಂದು ಕೈಯೆತ್ತಿದರು. ವೇದಿಕೆಯ ಮೇಲಿದ್ದ ಮುನಿರಾಜಪ್ಪನವರು ಈ ಸಲ ಎಚ್ಚರಿಕೆಯಿಂದಿದ್ದರು. “ಆ ತಾಯಿಗೆ ಯಾರಾದ್ರೂ ನೀರು ಕೊಡ್ರಪ್ಪ,” ಎಂದು ಪಕ್ಕದಲ್ಲಿದ್ದ ಸುಕನ್ಯರ ಜೊತೆ ತಟ್ಟೆಗೆ ಕೈ ಕೊಟ್ಟರು.

ಭಾಗ್ಯಲಕ್ಷ್ಮಿ ಸುಮ್ಮನಾಗಲಿಲ್ಲ, ತಮ್ಮ ರವಿಕೆಯ ನಂಬರ್ ಪರಿಶೀಲಿಸಬೇಕೆಂದು ಒತ್ತಾಯಿಸಿದರು. ಅದು ಸಾರ್ವಜನಿಕ ಸ್ಥಳದಲ್ಲಿ ಕೈಗೊಳ್ಳಬಹುದಾದ ಪರಿಶೀಲನೆಯಲ್ಲವೆಂದು ಸ್ಥಳದಲ್ಲೇ ತೀರ್ಮಾನವಾಯಿತು. ಒಮ್ಮೆ ಬದಲಾಯಿಸಿದ ತಾಂಬೂಲವನ್ನು ವಾಪಸು ಬದಲಾಯಿಸುವುದಕ್ಕೆ ಮಂತ್ರವಿಲ್ಲವೆಂದು ಪುರೋಹಿತರೂ ಹೇಳಿದರು.

ಮುಂದಿನ ಸಭೆಯಲ್ಲಿ ನಾಲ್ಕನೆಯ ಕಲಮು ಸೇರಿತು: ತಾಂಬೂಲ ಪಡೆದವರೇ ತಾಯಿ. ಲಗ್ನಪತ್ರಿಕೆಯಲ್ಲಿ ಸುಕನ್ಯರ ಹೆಸರು ಅಚ್ಚಾಯಿತು. ಭಾಗ್ಯಲಕ್ಷ್ಮಿಯವರಿಗೆ ಅನ್ಯಾಯವಾಗಬಾರದೆಂದು, ಕಗ್ಗದಾಸಪುರದ ಒಂದು ನಾಮಕರಣದಲ್ಲಿ ಅಜ್ಜಿಯ ಸ್ಥಾನ ಮಂಜೂರು ಮಾಡಲಾಯಿತು. ಅವರು ಹೋಗಿ, ಕೂತು, ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಬಂದರು. ಮಗು ಚೆನ್ನಾಗಿದೆ, ಮೂಗು ನಮ್ಮ ಕಡೆಯದು ಎಂದು ವರದಿ ಸಲ್ಲಿಸಿದರು.

ರಮ್ಯಳ ಮದುವೆಗೆ ಗಿಣಿಹಸಿರು ನಿಗದಿಯಾಗಿತ್ತು. ಆರತಕ್ಷತೆಯ ಸಾಲಿನಲ್ಲಿ ಭಾಗ್ಯಲಕ್ಷ್ಮಿಯವರ ಸರದಿ ಬಂದಾಗ ಮದುಮಗಳು ಕೈ ಮುಗಿದಳು.

“ಊಟ ಆಯ್ತಾ ಆಂಟಿ?”

“ಆಯ್ತಮ್ಮ. ಹೋಳಿಗೆ ಮೆತ್ತಗಿತ್ತು. ಮುಯ್ಯಿ ಕವರ್ ಇತ್ತು, ನಿಮ್ಮಮ್ಮ ಎಲ್ಲಿ?”

“ಅಲ್ಲೇ ಇದಾರೆ ನೋಡಿ, ಗಿಣಿಹಸಿರು ಸೀರೆ.”

ಭಾಗ್ಯಲಕ್ಷ್ಮಿ ಅತ್ತ ಹೋಗಿ, ಹತ್ತಿರದಲ್ಲಿ ನಿಂತಿದ್ದವರ ಕೈಗೆ ಕವರ್ ಕೊಟ್ಟರು. ಅವರು, “ನೀವೆಲ್ಲ ಬಂದಿದ್ದು ಬಹಳ ಸಂತೋಷ,” ಎಂದು ಇಟ್ಟುಕೊಂಡರು.