ಡಿಜಿಟಲ್ ಸಹಿಯ ತಲೆಯ ಮೇಲೊಬ್ಬ ಪಿಳ್ಳೈಯಾರ್

ಸಹಿ ನೋಡಿ ಮನುಷ್ಯನ ಸ್ವಭಾವ ಹೇಳಬಹುದಂತೆ. ಹಾಗಿದ್ದರೆ ನನ್ನೊಳಗೆ ಒಂದು ಅವಿಭಕ್ತ ಕುಟುಂಬವೇ ಸಂಸಾರ ಹೂಡಿರಬೇಕು. ನನ್ನ ಬೆಳಗಿನ ಸಹಿಗೂ ಸಂಜೆಯ ಸಹಿಗೂ ದಾಯಾದಿ ಸಂಬಂಧವೂ ಇರುವುದಿಲ್ಲ. ಒಮ್ಮೆ ಚೆನ್ನೈನ ಪ್ಯಾರೀಸ್ ಕಾರ್ನರಿನ ಬ್ಯಾಂಕಿಗೆ ನನ್ನನ್ನು ಕರೆಸಿದ ಅಧಿಕಾರಿ ಚೆಕ್ಕುಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು, "ಇದುಲ ನೀಂಗ ಯಾರು ಸಾರ್?" ಎಂದರು. ಇದರಲ್ಲಿ ನೀವು ಯಾರು ಎಂದು. ನಾನೂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ನನಗೂ ಗೊತ್ತಾಗಲಿಲ್ಲ.

ಆದ್ದರಿಂದ ಸರ್ಕಾರವು ಕಂಪನಿಗಳ ಕಾಗದಪತ್ರ, ತೆರಿಗೆ, ಟೆಂಡರು ಎಲ್ಲವನ್ನೂ ಒಂದೊಂದಾಗಿ ಕಂಪ್ಯೂಟರಿಗೆ ಏರಿಸತೊಡಗಿ, ಡಿಜಿಟಲ್ ಸಹಿ ಸಾಕು ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಗ ನಾನು ಕ್ರೋಂಪೇಟೆಯಲ್ಲಿ ಚರ್ಮದ ಕೈಗವಸು ಹೊಲಿಯುವ ಒಂದು ಸಣ್ಣ ಕಂಪನಿಯ ಅಕೌಂಟೆಂಟು. ಅದರ ಯಜಮಾನರನ್ನು ನಾವೆಲ್ಲ ಮುದಲಾಳಿ ಎನ್ನುತ್ತಿದ್ದೆವು. ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರವನ್ನು ನನಗೇ ಕೊಟ್ಟು, ಕಂಪ್ಯೂಟರಿಗೆ ಚುಚ್ಚುವ ಬೆರಳುದ್ದದ ಒಂದು ಟೋಕನ್ ತರಿಸಿಕೊಟ್ಟರು. ಅದರೊಳಗೆ ನನ್ನ ಗುಟ್ಟಿನ ಕೀಲಿ. ಅದಕ್ಕೆ ಜೋಡಿಯಾದ ಇನ್ನೊಂದು ಕೀಲಿ ಊರಿಗೆಲ್ಲ ಬಹಿರಂಗ. ಸಹಿ ಒತ್ತಿದರೆ ಯಂತ್ರವು ಇಡೀ ಪತ್ರವನ್ನು ಅರೆದು ಅದರ ಸಾರವನ್ನು ನನ್ನ ಗುಟ್ಟಿನ ಕೀಲಿಯಿಂದ ಮುದ್ರೆ ಮಾಡುತ್ತದೆ. ಪತ್ರ ತಲುಪಿದವರು ಬಹಿರಂಗ ಕೀಲಿಯಿಂದ ಮುದ್ರೆ ಬಿಚ್ಚಿ, ಪತ್ರವನ್ನು ತಾವೂ ಒಮ್ಮೆ ಅರೆದು ಹೋಲಿಸುತ್ತಾರೆ. ನಡುವೆ ಒಂದು ಅಲ್ಪವಿರಾಮ ಬದಲಾಗಿದ್ದರೂ ಸಹಿ ಕೆಟ್ಟಿತು. ಬದಲಾಗದಿದ್ದರೆ, ಇದು ನನ್ನದಲ್ಲವೆಂದು ನಾನು ಹೇಳುವಂತಿಲ್ಲ. ಇದನ್ನು ಮನೆಯಲ್ಲಿ ವಿವರಿಸಿದಾಗ ನನ್ನಾಕೆ, "ಸರಿ, ಅದನ್ನ ಪ್ಯಾಂಟ್ ಜೇಬಲ್ಲಿ ಬಿಟ್ಟು ಒಗೆಯೋಕ್ ಹಾಕ್ಬೇಡಿ" ಎಂದಳಷ್ಟೆ.

ಆ ವರ್ಷ ನಮಗೆ ವಿದೇಶದ ಆರ್ಡರುಗಳು ಬತ್ತಿದ್ದವು. ಒಂದು ದೊಡ್ಡ ಕಾರ್ಖಾನೆಯ ಟೆಂಡರು ಸಿಗದಿದ್ದರೆ ಹೊಲಿಗೆ ವಿಭಾಗದ ಅರ್ಧ ಹೆಂಗಸರನ್ನು ಮನೆಗೆ ಕಳಿಸಬೇಕಿತ್ತು. ಅವರಲ್ಲಿ ಹಿರಿಯಳಾದ ಮಲ್ಲಿಗಾ ಟೆಂಡರು ಹಾಕುವ ಕಡೆಯ ದಿನ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು, "ಕೆಡಚ್ಚಿಡುಮಾ ಸಾರ್?" ಎಂದು ಕೇಳಿದ್ದಳು. ಸಿಕ್ಕೇ ಸಿಗುತ್ತದೆ ಎಂದೆ. ಮಧ್ಯಾಹ್ನ ದರಪಟ್ಟಿಗೆ ಸಹಿ ಒತ್ತಿ, ಮೊಸರನ್ನ ತಿಂದು ಬಂದು ಕಳಿಸಲು ಕೂತರೆ ಕಂಪ್ಯೂಟರು ಕೈಯೆತ್ತಿಬಿಟ್ಟಿತು: ಸಹಿಯ ನಂತರ ಪತ್ರ ಬದಲಾಗಿದೆ, ಸಹಿ ಅಸಿಂಧು. ಮೂರು ಗಂಟೆಗೆ ಟೆಂಡರಿನ ಬಾಗಿಲು ಮುಚ್ಚುತ್ತಿತ್ತು.

ಯಾರು ಮುಟ್ಟಿದ್ದು ಎಂದು ನಾನು ಕೂಗಾಡಿದೆ. ಮುದಲಾಳಿ ಮೆಲ್ಲಗೆ ಬಂದರು. "ನಾನ್ ಒಣ್ಣುಮೇ ಪಣ್ಣಲ ಸಾರ್. ಮೇಲ ಪಿಳ್ಳೈಯಾರ್ ಸುಳಿ ಮಟ್ಟುಂ ಪೋಟ್ಟೇನ್."

ತಾನೇನೂ ಮಾಡಿಲ್ಲ, ಗಣಪತಿಯ ಗುರುತೊಂದನ್ನು ಹಾಕಿದೆ, ಅಷ್ಟೇ ಎಂದು. ನಾವು ಕಾಗದದ ತಲೆಯ ಮೇಲೆ 'ಶ್ರೀ' ಬರೆಯುವ ಹಾಗೆ ತಮಿಳರು ತಮ್ಮ 'ಉ' ಅಕ್ಷರವನ್ನು ಬರೆದು ಪಿಳ್ಳೈಯಾರನಿಗೆ ಕೈಮುಗಿಯುತ್ತಾರೆ. ಅದಿಲ್ಲದೆ ಮುದಲಾಳಿ ಒಗೆಯುವ ಬಟ್ಟೆಯ ಚೀಟಿಯನ್ನೂ ಹೊರಗೆ ಬಿಟ್ಟವರಲ್ಲ. ಕೀಬೋರ್ಡಿನಲ್ಲಿ ಆ ಅಕ್ಷರ ಸಿಗದೆ, ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುವ ಇಂಗ್ಲಿಷಿನ ಎರಡರ ಅಂಕಿಯನ್ನು ಒತ್ತಿದ್ದರು!

ಸಹಿಯಾದ ಪತ್ರದ ಪಾವಿತ್ರ್ಯದ ಬಗ್ಗೆ ಅವರಿಗೊಂದು ಉಪನ್ಯಾಸವನ್ನೇ ಬಿಗಿದೆ. ಅನ್ನ ಕೊಡುವ ಧಣಿ ಎಂಬುದನ್ನೂ ಮರೆತಿದ್ದೆ. ಅವರು ತಲೆತಗ್ಗಿಸಿ ಕೇಳಿದರು. ಆದರೆ ಪಿಳ್ಳೈಯಾರನ್ನು ಅಳಿಸಲು ಮಾತ್ರ ಸುತರಾಂ ಒಪ್ಪಲಿಲ್ಲ. ಸರಿ, ಇದ್ದ ಹಾಗೇ ಮತ್ತೆ ಸಹಿ ಒತ್ತೋಣವೆಂದು ಪತ್ರ ತೆರೆದೆ. ದೇವರು ಕ್ಷೇಮವಾಗಿದ್ದಾನೆಯೇ ಎಂದು ನೋಡಲು ಅವರು ನನ್ನ ಹೆಗಲ ಮೇಲಿಂದ ಬಗ್ಗಿದರು.

"ಸಾರ್, ಇದು ಡಜನ್ ರೇಟಾ, ಜೋಡಿ ರೇಟಾ?"

ನೋಡಿದೆ. ಒಂದು ಜೋಡಿಯ ಬೆಲೆಯನ್ನು ನಾನು ಡಜನ್ನಿನ ಮನೆಯಲ್ಲಿ ಕೂರಿಸಿದ್ದೆ! ಆ ದರಕ್ಕೆ ಟೆಂಡರು ಖಂಡಿತ ಸಿಗುತ್ತಿತ್ತು. ಮಲ್ಲಿಗಾ ಮತ್ತಿತರರು ಕಂಪನಿ ಮುಳುಗುವವರೆಗೆ ಹೊಲಿಯುತ್ತಿದ್ದರು. ಕೈಬರಹದ ಸಹಿಯಾಗಿದ್ದರೆ ನನ್ನದಲ್ಲ ಎನ್ನಬಹುದಿತ್ತು, ಬ್ಯಾಂಕಿನವರೇ ಸಾಕ್ಷಿ ಹೇಳುತ್ತಿದ್ದರು. ಇದಕ್ಕೆ ಆ ದಾರಿಯೂ ಇರಲಿಲ್ಲ.

ಆಗ ಬೈಯುವ ಸರದಿ ಮುದಲಾಳಿಯದಾಗಿತ್ತು. ಅವರು ಬೈಯಲಿಲ್ಲ. "ಮೊದಲ್ಲ ತಣ್ಣಿ ಕುಡಿಂಗ ಸಾರ್" ಎಂದು ನೀರಿನ ಚೊಂಬು ಮುಂದಿಟ್ಟರು. ಕುಡಿದು, ದರ ತಿದ್ದಿ, ಸಹಿ ಒತ್ತಿ, ಮೂರರೊಳಗೆ ಕಳಿಸಿದೆ.

ಆರ್ಡರು ಬಂತು. ಯಾರೂ ಕೆಲಸ ಕಳೆದುಕೊಳ್ಳಲಿಲ್ಲ. ಮಲ್ಲಿಗಾ ಕೇಸರಿಬಾತು ಮಾಡಿ ತಂದು, ಎಲ್ಲ ಸಾರ್ ಹಾಕಿದ ಸಹಿಯ ಪುಣ್ಯ ಎಂದಳು. ಮುದಲಾಳಿ ಪಕ್ಕದಲ್ಲೇ ನಿಂತು, "ಆಮಾ, ಆಮಾ" ಎಂದು ಹೌದೌದೆನ್ನುತ್ತ ತಲೆಯಾಡಿಸಿದರು. ಡಜನ್ನಿನ ಸಂಗತಿ ಅವರ ಬಾಯಿಂದ ಎಂದೂ ಹೊರಬೀಳಲಿಲ್ಲ. ಇವತ್ತಿಗೂ ಆ ಮನುಷ್ಯನನ್ನು ನೆನೆದರೆ ನನ್ನ ಕಣ್ಣು ಒದ್ದೆಯಾಗುತ್ತದೆ.

ಮನೆಯಲ್ಲಿ ಮಾತ್ರ ಎಲ್ಲವನ್ನೂ ಒಪ್ಪಿಸಿದೆ. ನನ್ನಾಕೆ ಹುರುಳಿಕಾಯಿ ನಾರು ತೆಗೆಯುತ್ತಲೇ ಹೇಳಿದಳು: "ನಿಮ್ಮ ಸಹೀನ ನಂಬೋಕೆ ಮೆಷಿನ್ ಬಂತು. ನಿಮ್ಮನ್ನ ನಂಬೋಕೆ ಮಾತ್ರ ಇನ್ನೂ ಆ ಪುಣ್ಯಾತ್ಮನೇ ಬೇಕು."

ಈ ಒಂದು ಮಾತಿಗೆ ನಾನು ಪೂರ್ತಿ ಓದಿ ನೋಡಿಯೇ ಸಹಿ ಹಾಕುತ್ತೇನೆ.