ಗಾಜಿನ ಪೆಟ್ಟಿಗೆಯ ಮೂರು ರೂಪ

ಪೆಟ್ಟಿಗೆಯಲ್ಲಿ ಮೂರು ರೂಪ ಇರಬೇಕಿತ್ತು, ಎರಡೇ ಇದ್ದವು.

ನ್ಯಾಮತಿ ಹತ್ತಿರದ ಹೈಸ್ಕೂಲೊಂದರ ಅತಿಥಿ ಶಿಕ್ಷಕ ಕೆಂಚೇಶ ಗಾಜಿಗೆ ಕಣ್ಣು ಹಚ್ಚಿ ಮತ್ತೆ ಹುಡುಕಿದ. ಇನ್ನರ್ಧ ಗಂಟೆಯಲ್ಲಿ ಅಧಿಕಾರಿಗಳು ಬರುತ್ತಾರೆ. ಅವರೆದುರು ‘ಬಹುರೂಪತೆ’ ಪಾಠ ಮಾಡಬೇಕು. ಒಪ್ಪಿದರೆ ಮುಂದಿನ ವರ್ಷವೂ ಕೆಲಸ. ಇಲ್ಲದಿದ್ದರೆ ಇಲ್ಲಿಗೇ ಮಂಗಳ. ಅದಕ್ಕೆಂದೇ ಶುಕ್ರವಾರ ಹುತ್ತ ಅಗೆದು, ಗೆದ್ದಲಿನ ರಾಣಿ, ಸೈನಿಕ, ಕೆಲಸಗಾರ ಮೂರನ್ನೂ ಮಣ್ಣಿನ ಸಮೇತ ಗಾಜಿನ ಪೆಟ್ಟಿಗೆಗೆ ತುಂಬಿ, ಆಫೀಸಿನ ಮರದ ಬೀರುವಿನ ಮೇಲಿಟ್ಟಿದ್ದ. ಇಂದು ಸೋಮವಾರ. ಕಿರುಬೆರಳಿನಷ್ಟು ದಪ್ಪದ ರಾಣಿ ಇದ್ದಳು, ಸೈನಿಕರಿದ್ದರು. ಕೆಲಸಗಾರ ಒಂದೂ ಇಲ್ಲ. ಮುಚ್ಚಳ ಓರೆಯಾಗಿತ್ತು. ಮೇಲೆ ಅರಿಶಿನ, ಕುಂಕುಮ!

“ಯಾರ‍್ರೀ ಇದನ್ನ ತೆಗೆದೋರು?”

ಬಿಸಿಯೂಟದ ಹನುಮಂತಮ್ಮ ಸೆರಗು ಸರಿಮಾಡಿಕೊಂಡು ಬಂದಳು. “ನಾನೇ ಸಾರ್. ಹುತ್ತದ ಮಣ್ಣು ಬಾಗ್ಲಿಗೆ ಬಂದೈತೆ, ಶುಕ್ರವಾರ ಬೇರೆ. ಹಾಲು ಎರೀದೆ ಇರಾಕೆ ಆಗ್ತೈತಾ? ಎರಡು ಹನಿ ಬಿಟ್ಟೆ. ನಾಗಪ್ಪ ಉಸಿರಾಡ್ಲಿ ಅಂತ ಮುಚ್ಳ ಸ್ವಲ್ಪ ಸರಿಸಿಟ್ಟೆ.”

“ಅದ್ರಾಗೆ ನಾಗಪ್ಪ ಇಲ್ಲಮ್ಮ, ಗೆದ್ಲು!”

“ಅವ್ನು ಯಾವ ರೂಪದಾಗೆ ಬರ್ತಾನೋ ನಿಮಗೇನ್ ಗೊತ್ತು?”

ಜವಾನ ಮೂಕಪ್ಪ ಹೆಸರಿಗೆ ಮಾತ್ರ ಮೂಕ. “ನಾಕು ಅಕ್ಕಿಕಾಳು ಹಾಕಾನ ಬಿಡ್ರಿ ಸಾರ್. ಬೆಳ್ಳಗೆ ಐತೆ. ಸಾಹೇಬ್ರು ಕನ್ನಡಕ ಮರೆತು ಬರ‍್ಲಿ ಅಂತ ಕೈಮುಗೀರಿ.”

“ಬಾಯಿ ಮುಚ್ಚಿ ಹುಡುಕ್ರೀ!” ಎಂದು ಹೆಡ್ಮಾಸ್ತರ್ ಜಯಪ್ಪ ಕೂಗಿದರು.

ಉಳಿದ ಮೂವರೂ ಉರುಳುಸೇವೆಗೆ ಬಂದವರಂತೆ ಮೇಜು, ಬೆಂಚುಗಳ ಕೆಳಗೆ ತೆವಳಿದರು. ಅಷ್ಟರಲ್ಲಿ ಗೇಟಿನಲ್ಲಿ ಜೀಪಿನ ಹಾರನ್ ಕೇಳಿಸಿತು.

“ಒಂದೇ ಜಾತಿಯ ಜೀವಿ, ಒಂದೇ ತಾಯಿ, ಒಂದೇ ಗೂಡು. ಆದರೂ ಕೆಲಸಕ್ಕೊಂದು ರೂಪ. ಇದೇ ಬಹುರೂಪತೆ,” ಎಂದು ಕೆಂಚೇಶ ತರಗತಿಯಲ್ಲಿ ಪಾಠ ಶುರುಮಾಡಿದ.

ಅಧಿಕಾರಿ ಕನ್ನಡಕ ಮರೆತಿರಲಿಲ್ಲ. ಬಗ್ಗಿ, ಗಾಜಿಗೆ ಮೂಗು ತಾಗಿಸಿದರು. “ರಾಣಿ ಸರಿ, ಸೈನಿಕ ಸರಿ. ಕೆಲಸಗಾರ ಎಲ್ರೀ?”

ಕೆಂಚೇಶನ ಬೆವರು ಕಾಲರಿಗಿಳಿಯಿತು.

“ಕೆಲ್ಸಕ್ಕೆ ಹೋಗ್ಯಾವೆ ಸಾರ್,” ಎಂದುಬಿಟ್ಟ.

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಂಥ ಮೇಷ್ಟ್ರು ಬೇಕ್ರೀ! ಇವ್ರ ಫೈಲ್ ತೋರ್ಸಿ, ಈಗ್ಲೇ ಶಿಫಾರಸು ಬರೀತೀನಿ.”

ಕೆಂಚೇಶನಿಗೆ ಹೋದ ಜೀವ ಬಂದಂತಾಯಿತು. ಎಲ್ಲರೂ ಆಫೀಸಿಗೆ ನಡೆದರು. ಜಯಪ್ಪನವರು ಮರದ ಬೀರು ತೆಗೆದು ಫೈಲು ಎಳೆದರು. ರಟ್ಟು ಮಾತ್ರ ಕೈಗೆ ಬಂತು. ಕೆಂಚೇಶನ ಹನ್ನೊಂದು ವರ್ಷದ ಅಸಲು ಸೇವಾಪತ್ರಗಳು ಹಿಟ್ಟಾಗಿ ನೆಲಕ್ಕೆ ಸುರಿದವು. ಆ ಹಿಟ್ಟಿನಲ್ಲಿ ಬೆಳ್ಳಗೆ ಏನೋ ಮಿಜಿಗುಟ್ಟುತ್ತಿತ್ತು.

“ಸಾರ್, ಸಿಕ್ಕಿದ್ವು!” ಎಂದು ಮೂಕಪ್ಪ ಕುಣಿದ.

ಅಧಿಕಾರಿ ಪೆನ್ನಿಗೆ ಕ್ಯಾಪು ಹಾಕಿದರು. ಬಾಗಿಲಲ್ಲಿ ಹನುಮಂತಮ್ಮ ಕಣ್ಣುಮುಚ್ಚಿ ಕೈಮುಗಿದಳು.